ಎರವಲು ತಂದ ಹೆದರಿಕೆ

ವಿಲ್ಲಾವಿಸೆನ್ಸಿಯೋ, ಕೊಲಂಬಿಯಾ
12 ಫೆಬ್ರವರಿ 2000

ಮಂದಾ,

ಬಂದು ಮುಟ್ಟಿದ್ದೇನೆ, ಕೈಕಾಲು ಎಲ್ಲ ನೆಟ್ಟಗಿವೆ. ಕ್ಷೇಮ ಸಮಾಚಾರ ಮೊದಲ ಸಾಲಿನಲ್ಲೇ ಮುಗಿಯಿತು, ಇನ್ನು ಉಳಿದದ್ದನ್ನು ನೀನು ಉಸಿರು ಬಿಟ್ಟು ಆರಾಮವಾಗಿ ಓದಬಹುದು.

ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ನಿನ್ನ ಅಣ್ಣ ಅಮರಯ್ಯನವರು ನನ್ನನ್ನು ಅಪ್ಪಿಕೊಂಡ ರೀತಿ ನೋಡಿ ಪಕ್ಕದವರು ನಾನು ಯುದ್ಧಕ್ಕೆ ಹೊರಟವನೆಂದುಕೊಂಡಿರಬೇಕು. ಅವರಿಗೆ ಹೇಳು, ಇಲ್ಲಿ ಇಳಿದ ಕೂಡಲೇ ನನ್ನ ಮೇಲೆ ಯಾರೂ ಗುಂಡು ಹಾರಿಸಲಿಲ್ಲ. ಒಬ್ಬ ಪೊಲೀಸಿನವನು ಪೆಟ್ಟಿಗೆ ತೆರೆಸಿ, ನೀನು ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು ಮೂಸಿ, ಸೀನಿ ಸೀನಿ ಕಣ್ಣಲ್ಲಿ ನೀರು ತಂದುಕೊಂಡು, ಹೋಗಪ್ಪಾ ಎಂಬಂತೆ ಕೈ ಬೀಸಿದ. ಅಷ್ಟೇ ನಡೆದ ಅನಾಹುತ.

ಈ ಊರು ದೊಡ್ಡ ಬೆಟ್ಟದ ಬುಡದಲ್ಲಿದೆ. ಇಲ್ಲಿಂದ ಆಚೆಗೆ ಬರೀ ಬಯಲು, ಹುಲ್ಲು, ದನ, ಕುದುರೆ. ಆ ಬಯಲಿನ ಮಣ್ಣು ಹುಳಿ ಮಣ್ಣು. ಅದರಲ್ಲಿ ನಮ್ಮ ಸಂಶೋಧನಾ ಕೇಂದ್ರದ ಜೋಳ ನಿಲ್ಲುತ್ತದೆಯೋ ಇಲ್ಲವೋ ನೋಡುವುದು ಎರಡು ವರ್ಷದ ನನ್ನ ಕೆಲಸ. ಹೊಲಕ್ಕೆ ಬಸ್ಸಿನಲ್ಲಿ ಹೋಗಿ ಬರಬೇಕು.

ಬಾಡಿಗೆಗೆ ಕೋಣೆ ಕೊಟ್ಟವಳು ದೋನ್ಯಾ ಮೆರ್ಸೆದೆಸ್. ದೋನ್ಯಾ ಅಂದರೆ ನಮ್ಮ ಅಮ್ಮಾವ್ರು ಇದ್ದಂತೆ. ಅರವತ್ತು ದಾಟಿದ ವಿಧವೆ, ದನಿ ಮಾತ್ರ ಫ್ಯಾಕ್ಟರಿಯ ಸೈರನ್ನು. ನಾನು ಹೊಸಿಲು ದಾಟುವ ಮೊದಲೇ ಬಿಸಿ ಬೆಲ್ಲದ ನೀರು ತಂದು ಕೈಗಿಟ್ಟಳು. ಬಂದವರಿಗೆ ಬೆಲ್ಲ ನೀರು ಕೊಡುವವರು ನಮ್ಮ ಚಿಂಚೋಳಿ ಕಡೆಯವರಷ್ಟೇ ಎಂದು ತಿಳಿದಿದ್ದೆ. ಕುಡಿಯದೆ ಲೋಟ ಹಿಡಿದುಕೊಂಡೇ ನಿಂತೆ. ಅವಳು ನೀರು ಹೆಚ್ಚು ಬಿಸಿಯಾಯಿತೆಂದುಕೊಂಡು ಊದಿ ಕೊಟ್ಟಳು.

ಹೆಂಡತಿಯ ಟಿಕೆಟ್ಟನ್ನು ಕೇಂದ್ರವೇ ಕೊಡುತ್ತದೆ. ಜೂನಿಗೆ ಬಂದುಬಿಡು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಇರುವವರೇ ಇಬ್ಬರು. ಆ ಇಬ್ಬರೂ ಎರಡು ದಿಕ್ಕಿಗೆ ಕೂತರೆ ಮನೆ ಎಲ್ಲಿದೆ ಎಂದು ಹೇಳುವುದು?

ನಿನ್ನ
ಚಂದ್ರಹಾಸ

*

ಹಿಮಾಯತ್‌ನಗರ, ಹೈದರಾಬಾದು
9 ಮಾರ್ಚ್ 2000

ನಮ್ಮನೆಯವರಿಗೆ, ಮಂದಾಕಿನಿಯ ನಮಸ್ಕಾರ.

ಪತ್ರ ಬಂತು. ಪೋಸ್ಟ್‌ಮ್ಯಾನ್ ಸ್ಟಾಂಪು ಕೇಳಿದ, ಕೊಡಲಿಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯಲು ಅಣ್ಣನನ್ನೇ ಹಿಡಿದಿದ್ದೇನೆ. ಗಂಡನ ಹೆಸರು ಬಾಯಲ್ಲಿ ಹೇಳದವಳು ಕೈಯಲ್ಲಿ ಬರೆಯಬಹುದೋ ಇಲ್ಲವೋ ನನಗಂತೂ ಗೊತ್ತಿಲ್ಲ, ಸುಮ್ಮನೆ ಯಾಕೆ ಪರೀಕ್ಷೆ?

ಅಣ್ಣ ಬಾಲಾನಗರದ ಫ್ಯಾಕ್ಟರಿಯಿಂದ ಬರುವಾಗ ದಿನಾ ಇಂಗ್ಲಿಷ್ ಪೇಪರು ತರುತ್ತಾನೆ. ಮೊದಲು ಕ್ರಿಕೆಟ್ಟು ನೋಡುತ್ತಿದ್ದವನು ಈಗ ಕೊಲಂಬಿಯಾ ಹುಡುಕುತ್ತಾನೆ. ನಿನ್ನೆ ಹೇಳಿದ: "ನೋಡವ್ವ ತಂಗೀ, ಆ ದೇಶದಾಗ ಮನಶ್ಯಾರನ್ನ ಕುರಿ ಹಿಡದಂಗ ಹಿಡೀತಾರಂತ. ನಿಮ್ಮನಿಯವರೇನೋ ನೌಕರಿ ಸಲುವಾಗಿ ಹೋದ್ರು. ನೀ ಯಾಕ ಹೋಗ್ತಿ?" ನನಗೂ ಹಾಗೇ ಅನ್ನಿಸಿತು. ಹೆದರಿಕೆಯಾಗುತ್ತದೆ. ಜೂನಿಗೆ ನಾನು ಬರುವುದು ಬೇಡ. ಬೇಸರ ಮಾಡಿಕೊಳ್ಳಬೇಡಿ.

ಪಕ್ಕದ ಹಳೆಯ ಮನೆ ಈಗ ಲೇಡೀಸ್ ಹಾಸ್ಟೆಲ್ಲು. ಈ ಊರಿನಲ್ಲಿ ಈಗ ಎಲ್ಲಿ ನೋಡಿದರೂ ಕಂಪ್ಯೂಟರ್ ಕಲಿಸುವ ಬೋರ್ಡುಗಳೇ. ಕಲಬುರ್ಗಿ, ಬೀದರ, ರಾಯಚೂರು ಕಡೆಯ ಹುಡುಗಿಯರೂ ಬಂದು ತುಂಬಿದ್ದಾರೆ. ಹಾಸ್ಟೆಲ್ಲಿನ ಊಟ ಬರೀ ಅನ್ನ, ಉರಿಯುವ ಸಾರು. ಶಹಾಪುರದ ವಿಜಯಶ್ರೀ ಎಂಬ ಹುಡುಗಿ ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, "ಅಕ್ಕಾರ, ರೊಟ್ಟಿ ಬಡಿಯೋ ಸಪ್ಪಳ ಕೇಳಿ ಬಂದೀನ್ರಿ" ಎಂದಳು. ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟೆ. ತಿನ್ನುತ್ತಾ ಅತ್ತಳು. ನಾನೂ ಅತ್ತೆ, ಯಾಕೆಂದು ಕೇಳಬೇಡಿ.

ತಿಂಡಿ ಬಿಡಬೇಡಿ. ತಲೆಗೆ ಎಣ್ಣೆ ಹಾಕಿ.

ಮಂದಾಕಿನಿ

*

ವಿಲ್ಲಾವಿಸೆನ್ಸಿಯೋ
8 ಏಪ್ರಿಲ್ 2000

ಮಂದಾ,

ಯುಗಾದಿಯ ದಿನ ಫೋನಿನಲ್ಲಿ ನಾವಿಬ್ಬರೂ "ಹಲೋ, ಕೇಳಸ್ತೈತೇನು" ಎಂದು ಕೂಗುವುದರಲ್ಲೇ ದುಡ್ಡು ಮುಗಿಯಿತು. ಪತ್ರವೇ ವಾಸಿ. ಇಲ್ಲಿ ಬೆಲ್ಲ ಬೇಕಾದಷ್ಟಿದೆ, ಬೇವು ಸಿಗಲಿಲ್ಲ. ಬರೀ ಬೆಲ್ಲ ತಿಂದೆ. ಕಹಿಯ ಪಾಲಿಗೆ ನಿನ್ನ ಪತ್ರವಿತ್ತು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಈ ದೇಶದ ಮಾತು ಉಲ್ಟಾ, ದೂರದಿಂದ ನೋಡುವವರಿಗೆ ಮುಳ್ಳೇ ಕಾಣುತ್ತದೆ. ಅಮರಯ್ಯನವರ ಪೇಪರಿನಲ್ಲಿ ಬರುವುದು ಸುಳ್ಳಲ್ಲ. ಬಂದೂಕಿನವರಿದ್ದಾರೆ, ಕಾಡಿನ ಕಡೆ ಇದ್ದಾರೆ. ಆದರೆ ಬಸ್ಸು ಹತ್ತಿದವನು ಒಳಗಿದ್ದವರಿಗೆಲ್ಲ ನಮಸ್ಕಾರ ಹೇಳಿ ಕೂರುತ್ತಾನೆ, ಅದು ಯಾವ ಪೇಪರಿನಲ್ಲಿ ಬರಬೇಕು? ಭಾನುವಾರ ಬೀದಿಯಲ್ಲೇ ಹಾರ್ಪ್ ಬಾರಿಸಿ ಕುಣಿಯುತ್ತಾರೆ. ಅಜ್ಜ ಅಜ್ಜಿಯರೂ ಕುಣಿಯುತ್ತಾರೆ. ನನ್ನನ್ನೂ ಎಳೆದರು. ನಾನು ಕುಣಿದದ್ದನ್ನು ನೋಡಿದವರು ನಮ್ಮ ದೇಶದ ಬಗ್ಗೆ ಏನು ತಿಳಿದುಕೊಂಡರೋ.

ತಿಳಿದುಕೊಂಡಿರುವುದೂ ಅಷ್ಟರಲ್ಲೇ ಇದೆ. ಪಕ್ಕದ ಮನೆಯವರು ದೋನ್ಯಾಳಿಗೆ, ಇಂಡಿಯಾದವನನ್ನು ಇಟ್ಟುಕೊಂಡಿದ್ದೀಯಲ್ಲ, ಕೋಣೆಯಲ್ಲಿ ಹಾವು ಗೀವು ಸಾಕಿದ್ದಾನೋ ನೋಡು ಎಂದಿದ್ದರಂತೆ. ಅವಳು ನಿಜವಾಗಿಯೂ ಮಂಚದ ಕೆಳಗೆ ನೋಡಿದಳು. ಗಂಡ ಸತ್ತರೆ ಹೆಂಡತಿಯನ್ನು ಈಗಲೂ ಬೆಂಕಿಗೆ ಹಾಕುತ್ತೀರಾ ಎಂದೂ ಕೇಳಿದಳು. ಇಲ್ಲ, ಗಂಡ ಬದುಕಿದ್ದಾಗಲೇ ಹೆಂಡತಿ ಪತ್ರ ಬರೆದು ಸುಡುತ್ತಾಳೆ ಎಂದೆ. ನನ್ನ ಸ್ಪ್ಯಾನಿಷ್ ಅವಳಿಗೆ ಎಷ್ಟು ತಿಳಿಯಿತೋ, ನಿನ್ನ ಫೋಟೋದ ಮುಂದೆ ಹೂವಿಟ್ಟಿದ್ದಾಳೆ.

ಒಂದು ವಿಷಯಕ್ಕೆ ಮಾತ್ರ ಹೊಟ್ಟೆ ಉರಿಯುತ್ತದೆ. ಇಲ್ಲಿ ಜೋಳ ಕೋಳಿಯ ಮೇವು. ನಾನು ಅದನ್ನು ಬೀಸಿಸಿ ರೊಟ್ಟಿ ಬಡಿದು ತಿಂದಾಗ ಇಡೀ ಓಣಿ ಬಾಗಿಲಲ್ಲಿ ನಿಂತು ನೋಡಿತು. ನಮ್ಮಪ್ಪ ಮಠದಲ್ಲಿ ಕೂತು ಬಂದವರಿಗೆಲ್ಲ ಅದೇ ರೊಟ್ಟಿ ಹಾಕಿಸುತ್ತಿದ್ದರು. "ಅನ್ನ ನೀಡಬೇಕ್ರೋ, ಮಾರಬಾರದು. ಅನ್ನ ಮಾರಿದ ಜಂಗಮರ ಮನಿ ಉಳಿಯಂಗಿಲ್ಲ" ಎನ್ನುವುದು ಅವರ ಮಾತು. ಅವರು ಇದನ್ನು ನೋಡಿದ್ದರೆ ಕೋಳಿಗಳ ಮುಂದೆ ಕೈ ಮುಗಿದು ಕೂರುತ್ತಿದ್ದರೇನೋ.

ಹೆದರಬೇಡ. ಬಾ.

ಚಂದ್ರಹಾಸ

*

ಹಿಮಾಯತ್‌ನಗರ
5 ಜೂನ್ 2000

ನಮ್ಮನೆಯವರಿಗೆ,

ನೀವು ಬರೆದದ್ದನ್ನೆಲ್ಲ ಓದಿದೆ. ಮಾವನವರ ಮಾತು ಬರೆದಿದ್ದಿರಲ್ಲ, ಅದನ್ನು ಎರಡೆರಡು ಸಲ ಓದಿದೆ.

ಆದರೂ ಬರಲಾರೆ. ಕೆಟ್ಟ ಕನಸು ಬೀಳುತ್ತವೆ. ಕನಸಿನಲ್ಲಿ ಬಂದೂಕು ಹಿಡಿದವರು ಬಂದು ನಮ್ಮ ಬಾಗಿಲು ತಟ್ಟುತ್ತಾರೆ. ಬೆಳಿಗ್ಗೆ ಎದ್ದರೆ ಮೈಯೆಲ್ಲ ನೋವು, ಭುಜ ಹಿಡಿದುಕೊಂಡಿರುತ್ತದೆ. ಅಣ್ಣ ಹೇಳುವುದನ್ನು ಕೇಳಿ ಕೇಳಿ ಹೆದರಿದವಳ ಮೇಲೆ ಹಾವು ಎಸೆದಂತಾಗಿದೆ. ಇಂಥ ಸ್ಥಿತಿಯಲ್ಲಿ ವಿಮಾನ ಹತ್ತುವುದು ಹೇಗೆ ನೀವೇ ಹೇಳಿ.

ಇಲ್ಲಿ ಎಲ್ಲ ಸರಿಯಾಗಿದೆ. ಸುರಪುರದ ಕಡೆಯ ಸಾಬಮ್ಮ ಎಂಬಾಕೆ ಮನೆಗೆಲಸಕ್ಕೆ ಬರುತ್ತಾಳೆ. ಮೊದಲು ಮಾಧಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಒಬ್ಬಳೇ ಇರುವವಳಿಗೆ ಆಳು ಯಾಕೆ ಎಂದು ಕೇಳಬೇಡಿ, ಜೊತೆಗಿರಲಿ ಅಂತ. ಒಂದು ಮೂಟೆ ಜೋಳ ತರಿಸಿದೆ. ಈ ಸಲದ ಬಿಳಿಜೋಳ ಚೆನ್ನಾಗಿದೆ, ಅದಕ್ಕೆ. ಹುಳ ಬೀಳುವುದರೊಳಗೆ ಮುಗಿದೀತು.

ವಿಜಯಶ್ರೀ ಇ-ಮೇಲ್ ಕಳಿಸಿಕೊಡುತ್ತೇನೆ ಅನ್ನುತ್ತಾಳೆ, ನಿಮಿಷದಲ್ಲಿ ಮುಟ್ಟುತ್ತದಂತೆ. ನಾನು ನಿಮಗೆ ಬರೆಯುವುದನ್ನು ಅವಳ ಮುಂದೆ ಹೇಳಿ ಬರೆಸಲೇ? ನಾಚಿಕೆ ಬೇಡವೇ? ನಿಧಾನಕ್ಕೆ ಹೋಗಲಿ ಬಿಡಿ.

ಮಂದಾಕಿನಿ

*

ವಿಲ್ಲಾವಿಸೆನ್ಸಿಯೋ
27 ಆಗಸ್ಟ್ 2000

ಮಂದಾ,

ಬರೆಯುವುದು ತಡವಾಯಿತು. ಮಳೆ, ರಸ್ತೆ ಸರಿಯಿರಲಿಲ್ಲ. ಸ್ವಲ್ಪ ಜ್ವರವೂ ಇತ್ತು, ಈಗಿಲ್ಲ.

ಟಿವಿಯಲ್ಲಿ ಹೈದರಾಬಾದು ಮಳೆಗೆ ಮುಳುಗಿದ್ದನ್ನು ತೋರಿಸಿದರು. ದೋನ್ಯಾ ಮೆರ್ಸೆದೆಸ್ ಎದೆಗೆ ಕೈ ಒತ್ತಿಕೊಂಡು, "ಇಂಥ ಅಪಾಯದ ದೇಶದಲ್ಲಿ ಹೆಂಡತಿಯನ್ನು ಬಿಟ್ಟು ಬಂದೆಯಲ್ಲ, ನೀನೆಂಥ ಗಂಡಸು" ಎಂದಳು. ನೀನು ಸುರಕ್ಷಿತವಾಗಿದ್ದೀಯ ಅಲ್ಲವೇ? ಒಂದು ಸಾಲು ಬರೆ ಸಾಕು.

ಜೋಳ ಬಿತ್ತಿದ್ದಾಗಿದೆ. ಈ ತಿಂಗಳು ನಾನು ಹೊಲಕ್ಕೆ ಹೋಗಲಿಲ್ಲ, ಬೇರೆಯವರು ನೋಡಿಕೊಂಡರು.

ಹಿಂದಿನ ಪತ್ರದ ಲಕೋಟೆಯ ಮೇಲಿನ ದುಂಡನೆಯ ಅಕ್ಷರ ಯಾರದು? ಅಮರಯ್ಯನವರದು ಅಲ್ಲ.

ಚಂದ್ರಹಾಸ

*

ಹಿಮಾಯತ್‌ನಗರ
8 ಅಕ್ಟೋಬರ್ 2000

ನಮ್ಮನೆಯವರಿಗೆ,

ನಿನ್ನೆ ದಸರಾ. ಲಕೋಟೆಯಲ್ಲಿ ಬನ್ನಿ ಎಲೆ ಇಟ್ಟಿದ್ದೇನೆ, ತಗೊಂಡು ಬಂಗಾರದ ಹಾಗೆ ಇರೋಣ. ನಾನೇ ಮೊದಲು ಕೊಟ್ಟಿದ್ದೇನೆ, ಇನ್ನಾದರೂ ಸಿಟ್ಟು ಬಿಡಿ.

ಸಿಟ್ಟಲ್ಲದೆ ಮತ್ತೇನು? ನಾನು ಬರಲಿಲ್ಲವೆಂದು ಮುಖ ಗಂಟು ಹಾಕಿಕೊಂಡು ಬರೆದ ಪತ್ರ ಅದು. ಹೆಂಡತಿಗೆ ಬರೆದದ್ದೋ ಮೇಲಧಿಕಾರಿಗೋ ಗೊತ್ತಾಗುವುದಿಲ್ಲ. ಹೊಲಕ್ಕೆ ಹೋಗಲಿಲ್ಲ ಅಂತೀರಿ. ಮದುವೆಯ ಮರುದಿನ ಬೀಗರು ಕೂತಿರುವಾಗಲೇ ಹೊಲ ನೋಡಿ ಬರ್ತೀನಿ ಎಂದು ಎದ್ದು ಹೋದವರು ನೀವು. ನನ್ನ ಮೇಲಿನ ಸಿಟ್ಟನ್ನು ಜೋಳದ ಮೇಲೆ ತೀರಿಸಬೇಡಿ, ಪಾಪ ಅದೇನು ಮಾಡಿತ್ತು.

ಮಳೆಗೆ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ಬಂದದ್ದು ನಿಜ. ನಮ್ಮ ಮನೆ ಎತ್ತರದಲ್ಲಿದೆ, ಒಳಗೆ ಬರಲಿಲ್ಲ. ಹಾಸ್ಟೆಲ್ಲಿನ ಹುಡುಗಿಯರೆಲ್ಲ ನಮ್ಮ ಪಡಸಾಲೆಗೆ ಬಂದು ಕೂತರು. ಕರೆಂಟಿಲ್ಲ, ಮೇಣದಬತ್ತಿ, ಜುಣಕ, ರೊಟ್ಟಿ, ನಗು. ನಮ್ಮ ಮನೆಯಲ್ಲಿ ಅಷ್ಟು ಗದ್ದಲ ನಾನು ಯಾವತ್ತೂ ಕೇಳಿರಲಿಲ್ಲ. ನೀರು ಇಳಿದದ್ದು ನನಗೆ ಬೇಸರವೇ ಆಯಿತು ಎಂದರೆ ಬೈಯುತ್ತೀರಿ.

ದುಂಡನೆಯ ಅಕ್ಷರ ವಿಜಯಶ್ರೀಯದು. ಅಣ್ಣ ಈ ಕಡೆ ಬರುವುದು ಕಡಿಮೆ ಮಾಡಿದ್ದಾನೆ. ಏನೂ ಇಲ್ಲ, ಫ್ಯಾಕ್ಟರಿಯಲ್ಲಿ ಕೆಲಸ ಜಾಸ್ತಿ.

ಕನಸು ಇನ್ನೂ ಬೀಳುತ್ತವೆ.

ಮಂದಾಕಿನಿ

*

ವಿಲ್ಲಾವಿಸೆನ್ಸಿಯೋ
19 ನವೆಂಬರ್ 2000

ಮಂದಾ,

ನಿನಗೆ ಸಮಾಧಾನ ಕೊಡುವ ಸುದ್ದಿ. ನಾನು ವಾಪಸ್ಸು ಬರುತ್ತಿದ್ದೇನೆ.

ಕೇಂದ್ರದ ಸಾಹೇಬರಿಗೆ ಬರೆದು ಕೊಟ್ಟಿದ್ದೇನೆ, ನನ್ನ ಹೆಂಡತಿಗೆ ಈ ದೇಶದ ಹೆದರಿಕೆ ಬಹಳ, ನಿದ್ದೆಯಿಲ್ಲ, ಮೈಯಲ್ಲಿ ಹುಷಾರಿಲ್ಲ, ಆದ್ದರಿಂದ ಮಾರ್ಚಿಗೆ ನನ್ನನ್ನು ಬಿಡಬೇಕು ಎಂದು. ಸಾಹೇಬರು ಒಳ್ಳೆಯವರು. ಫೆಬ್ರವರಿ ಕೊನೆಯವರೆಗೆ ಯೋಚಿಸಿ ನೋಡು, ಅಲ್ಲಿಯವರೆಗೆ ಕಾಗದ ಮೇಲಕ್ಕೆ ಕಳಿಸುವುದಿಲ್ಲ ಅಂದಿದ್ದಾರೆ. ಯೋಚಿಸುವುದಕ್ಕೆ ಏನೂ ಇಲ್ಲ.

ಜೋಳ ತೆನೆ ಕಟ್ಟಿದೆಯಂತೆ. ಹುಳಿ ಮಣ್ಣಿನಲ್ಲಿ ಆಳೆತ್ತರ ನಿಂತಿದೆಯಂತೆ. ಏಪ್ರಿಲಿನ ದೊಡ್ಡ ಬಿತ್ತನೆಗೆ ಬೇರೆ ಯಾರಾದರೂ ಬರುತ್ತಾರೆ. ಬರದಿದ್ದರೆ ಅಷ್ಟಕ್ಕೇ ನಿಲ್ಲುತ್ತದೆ. ಹೆಂಡತಿಗಿಂತ ಜೋಳ ದೊಡ್ಡದಲ್ಲ.

ಬನ್ನಿ ಮುಟ್ಟಿತು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಂದಾ. ಯಾವತ್ತೂ ಇರಲಿಲ್ಲ.

ಚಂದ್ರಹಾಸ

*

ಹಿಮಾಯತ್‌ನಗರ
14 ಡಿಸೆಂಬರ್ 2000

ನಮ್ಮನೆಯವರಿಗೆ,

ಈ ಪತ್ರವನ್ನು ಕೂತು ಓದಿ. ಓದಿ ಮುಗಿಸುವವರೆಗೆ ಏನೂ ಅನ್ನಬೇಡಿ.

ನನಗೆ ಕೊಲಂಬಿಯಾದ ಹೆದರಿಕೆ ಇಲ್ಲ. ಒಂದು ದಿನವೂ ಇರಲಿಲ್ಲ. ಕನಸು ಬೀಳುತ್ತವೆ ಎಂದು ಬರೆದದ್ದು ಸುಳ್ಳು. ಹಾಸಿಗೆಗೆ ತಲೆ ಕೊಟ್ಟರೆ ಬೆಳಗಾಗುವವರೆಗೆ ಎಚ್ಚರವೇ ಇರುವುದಿಲ್ಲ. ಭುಜ ನೋಯುವುದು ನಿಜ, ಅದು ರೊಟ್ಟಿ ಬಡಿದು.

ಎರಡು ರೊಟ್ಟಿ ಕೊಟ್ಟೆನೆಂದು ಬರೆದಿದ್ದೆನಲ್ಲ. ಮರುದಿನ ವಿಜಯಶ್ರೀ ಇನ್ನಿಬ್ಬರನ್ನು ಕರೆತಂದಳು. ಅವರು ಮತ್ತಷ್ಟು ಜನರನ್ನು. ಸುಮ್ಮನೆ ಉಣ್ಣಲು ಅವರು ಒಪ್ಪಲಿಲ್ಲ. "ಅಕ್ಕಾರ, ಪುಕ್ಕಟೆ ಆದ್ರ ನಾಳಿಗಿ ಬರಾಕ ನಾಚಿಕಿ ಆಗ್ತೈತ್ರಿ. ರೊಕ್ಕಾ ತಗೋರಿ, ಹಕ್ಕಿಲೆ ಉಣ್ತೀವಿ" ಎಂದರು. ತಗೊಂಡೆ. ನಾನು ಆ ಪತ್ರ ಬರೆಯುವ ಹೊತ್ತಿಗೇ ನಮ್ಮ ಮನೆ ಖಾನಾವಳಿಯಾಗಿತ್ತು. ಈಗ ಹಾಸ್ಟೆಲ್ಲಿನ ಮುಕ್ಕಾಲು ಹುಡುಗಿಯರು ನಮ್ಮಲ್ಲೇ ಉಣ್ಣುತ್ತಾರೆ. ಸಾಬಮ್ಮ ಮನೆಗೆಲಸದವಳಲ್ಲ, ನನ್ನ ಜೊತೆ ರೊಟ್ಟಿ ಬಡಿಯುವವಳು. ಹಿತ್ತಿಲಲ್ಲಿ ಎರಡು ಒಲೆ ಹಾಕಿದ್ದೇವೆ.

ನಿಮಗೆ ನೆನಪಿದೆಯೋ ಇಲ್ಲವೋ. ಹೈದರಾಬಾದಿಗೆ ಬಂದ ಹೊಸದರಲ್ಲಿ, ಮಧ್ಯಾಹ್ನವೆಲ್ಲ ಖಾಲಿ ಕೂರುವುದು ಆಗುವುದಿಲ್ಲ, ಒಂದು ಸಣ್ಣ ಖಾನಾವಳಿ ಮಾಡಲೇ ಎಂದು ಕೇಳಿದ್ದೆ. ನೀವು ಜೋರು ಮಾಡಲಿಲ್ಲ. "ನಮ್ಮ ಮನಿತನದಾಗ ಅನ್ನ ಮಾರಂಗಿಲ್ಲ, ಮಂದಾ" ಎಂದಿರಿ ಅಷ್ಟೇ. ನಾನು ಮತ್ತೆ ಕೇಳಲಿಲ್ಲ. ಮಾವನವರ ಅದೇ ಮಾತು ಕೋಳಿಗಳ ಜೊತೆ ನಿಮ್ಮ ಏಪ್ರಿಲಿನ ಪತ್ರದಲ್ಲಿ ಬಂದಾಗ ನನ್ನ ಮುಂದೆ ಎರಡು ಡಜನ್ ತಾಟು ಹರಡಿದ್ದವು. ಏನು ಬರೆಯಲಿ? ಅಣ್ಣನ ಪೇಪರು ಮೊದಲೇ ಕೈಗೆ ಸಿಕ್ಕಿತ್ತು. ಆ ದೇಶಕ್ಕೆ ಹೇಗೂ ಕೆಟ್ಟ ಹೆಸರಿದೆ, ನನ್ನ ನೆಪವೂ ಅದರ ತಲೆಯ ಮೇಲೆ ಹೋಗಲಿ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಷ್ಟು ದಿನ ಕುಡಿದೆ.

ಅಣ್ಣನಿಗೆ ಗೊತ್ತಾಗಿ ದಸರೆಗೆ ಬರಲಿಲ್ಲ. "ಜಂಗಮರ ಮನಿ ಹೆಣಮಗಳು ರೊಟ್ಟಿ ಮಾರಾಕತ್ತಾಳ ಅಂದ್ರ ನಾ ಯಾ ಮುಖಾ ಇಟ್ಕೊಂಡು ಅಡ್ಡಾಡ್ಲಿ" ಎಂದು ಹೇಳಿ ಕಳಿಸಿದ. ಅವನಿಗೆ ನಾನು ಹೆದರಲಿಲ್ಲ. ನಿಮಗೆ ಹೆದರಿದೆ. ಅದೊಂದು ಹೆದರಿಕೆ ಮಾತ್ರ ಖರೆ.

ನನ್ನ ಸುಳ್ಳನ್ನು ನಂಬಿ ನೀವು ಬೆಳೆದು ನಿಂತ ಜೋಳ ಬಿಟ್ಟು ಬರುತ್ತಿದ್ದೀರಿ. ಅದನ್ನು ಓದಿದ ದಿನ ಬಡಿದ ರೊಟ್ಟಿಯೆಲ್ಲ ಹರಿದವು. ಸಾಬಮ್ಮ ಕೈಯಿಂದ ಹಿಟ್ಟು ಕಸಿದುಕೊಂಡು, "ಏಳ್ರಿ ಅಕ್ಕಾರ, ಹೋಗಿ ಕಾಗದ ಬರೀರಿ. ನಿಮ್ಮ ಕೈಯಾಗಿನ ಹಿಟ್ಟು ಬ್ಯಾರೆ ಏನೋ ಕೇಳಾಕತ್ತೈತಿ" ಎಂದಳು.

ನನ್ನ ಸಲುವಾಗಿ ಬರಬೇಡಿ. ನನಗಾಗಿ ಬರುವುದಾದರೆ ನಾನು ನಿಮ್ಮ ಮುಖ ನೋಡಲಾರೆ. ಖಾನಾವಳಿ ಮುಚ್ಚು ಅಂದರೂ ಮುಚ್ಚಲಾರೆ. ಇದನ್ನು ಬರೆದಾಗಿದೆ, ಅಳಿಸುವುದಿಲ್ಲ. ಹನ್ನೊಂದೂವರೆಗೆ ಆ ಹುಡುಗಿಯರು ಹಸಿದು ಬರುವಾಗ, ಈ ಮನೆ ನನ್ನ ಕಣ್ಣಿಗೆ ತುಂಬಿದ ಮನೆಯಾಗಿ ಕಾಣುತ್ತದೆ.

ಏನು ಬೈಯಬೇಕೋ ಬೈದು ಬರೆಯಿರಿ.

ಮಂದಾಕಿನಿ

*

ವಿಲ್ಲಾವಿಸೆನ್ಸಿಯೋ
10 ಜನವರಿ 2001

ಮಂದಾ,

ನಿನ್ನ ಪತ್ರ ಓದಿ ನಕ್ಕೆ. ದೋನ್ಯಾ ಅಡುಗೆಮನೆಯಿಂದ ಓಡಿ ಬಂದಳು, ಈ ಮನೆಯಲ್ಲಿ ನಾನು ನಗದೆ ಬಹಳ ದಿನಗಳಾಗಿದ್ದವು. ಆಮೇಲೆ ಅಳು ಬಂತು. ಅದನ್ನೂ ಅವಳು ನೋಡಿದಳು. ಬೆಲ್ಲದ ನೀರು ತಂದಿಟ್ಟು ಹೋದಳು.

ಮೊದಲು ಖಾನಾವಳಿಯ ಮಾತು. ಅಪ್ಪ ಅನ್ನ ಮಾರಬಾರದು ಎಂದದ್ದು ನಿಜ. ಅಪ್ಪ ನೀಡಿದ್ದೂ ನಿಜ. ಆದರೆ ನೀಡಿದ ಅನ್ನವನ್ನು ಬೇಯಿಸಿದವಳು ನಮ್ಮವ್ವ. ಹೊಗೆಯಲ್ಲಿ ಕೂತು ಮಠಕ್ಕೆ ಬಂದವರಿಗೆಲ್ಲ ರೊಟ್ಟಿ ಬಡಿದವಳು ಅವಳು, ಪುಣ್ಯ ಬಂದದ್ದು ಅಪ್ಪನಿಗೆ. ಅವಳ ಭುಜ ನೋಯುತ್ತದೆಯೇ ಎಂದು ನಾವು ಯಾರೂ ಕೇಳಲಿಲ್ಲ. ನೀನು ಭುಜ ನೋಯುತ್ತದೆ ಎಂದು ಬರೆದಾಗ ನಾನೂ ಕೇಳಲಿಲ್ಲ, ಕನಸಿನಿಂದ ಎಂದುಕೊಂಡೆ. ಆ ಹುಡುಗಿಯರು ಹಕ್ಕಿನಿಂದ ಉಣ್ಣುತ್ತೇವೆ ಅಂದರಲ್ಲ, ಅವರ ಮಾತೇ ಸರಿ. ಒಲೆ ಆರಿಸಬೇಡ. ಅಮರಯ್ಯನವರಿಗೆ ನಾನು ಬರೆಯುತ್ತೇನೆ.

ಈಗ ನನ್ನ ಮಾತು. ನೀನು ಇಷ್ಟು ಬಿಚ್ಚಿ ಬರೆದ ಮೇಲೆ ನಾನು ಮುಚ್ಚಿಟ್ಟುಕೊಂಡರೆ ಸರಿಯಲ್ಲ.

ಜುಲೈ ಕೊನೆಗೆ ಹೊಲದಿಂದ ಬರುವಾಗ ಬಂದೂಕಿನವರು ಬಸ್ಸು ನಿಲ್ಲಿಸಿದರು. ನಾನು ಕಿಟಕಿಯ ಹತ್ತಿರ ಕೂತಿದ್ದೆ. ಬೇರೆ ದೇಶದವನು, ಕೈಯಲ್ಲಿ ಮಣ್ಣಿನ ಚೀಲಗಳು. ಕಂಪನಿಯ ದೊಡ್ಡ ಮನುಷ್ಯ ಎಂದುಕೊಂಡರೋ ಏನೋ, ಇಳಿಸಿಕೊಂಡು ಕಾಡಿನ ಕಡೆ ನಡೆಸಿದರು. ಕೆಲವು ದಿನ ಇಟ್ಟುಕೊಂಡರು. ಹೊಡೆಯಲಿಲ್ಲ. ಅವರಲ್ಲಿ ಹೆಚ್ಚಿನವರು ನಿನ್ನ ಹಾಸ್ಟೆಲ್ಲಿನ ಹುಡುಗಿಯರ ವಯಸ್ಸಿನವರು. ನನಗೆ ಬರುವ ಸ್ಪ್ಯಾನಿಷ್ ಎಲ್ಲ ಆ ದಿನಗಳಲ್ಲಿ ಮರೆತುಹೋಯಿತು. ನಿನ್ನ ಹೆಸರೊಂದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ನನಗೇನು, ನಾನು ನಿನ್ನ ಹೆಸರು ಹೇಳಬಹುದಲ್ಲ.

ಬಿಡಿಸಿದವಳು ದೋನ್ಯಾ ಮೆರ್ಸೆದೆಸ್. ಸುದ್ದಿ ತಿಳಿದ ಕೂಡಲೇ ಇಲ್ಲಿಯ ಪಾದ್ರಿಯನ್ನು ಎಬ್ಬಿಸಿಕೊಂಡು ಆ ರಸ್ತೆಗೆ ಹೋಗಿ ಮರದ ಕೆಳಗೆ ಕೂತಳಂತೆ. ಅವನು ನನ್ನ ಮನೆಯವನು, ಕೋಳಿಯ ಮೇವು ತಿನ್ನುವ ಬಡಪಾಯಿ, ಅವನಿಂದ ನಿಮಗೇನು ಸಿಗುತ್ತದೆ ಎಂದು ಹೋಗಿ ಬರುವ ಪ್ರತಿ ಬಂದೂಕಿನವನಿಗೂ ಗದರಿದಳಂತೆ. ಬಿಟ್ಟರು. ಅವಳು ನನ್ನನ್ನು ಬೈಯುತ್ತಲೇ ಮನೆಗೆ ಕರೆತಂದಳು. ಸಾಹೇಬರಿಗೆ ಕೈ ಮುಗಿದು, ಮನೆಗೆ ತಿಳಿಸಬೇಡಿ, ನನ್ನ ಹೆಂಡತಿ ಮೊದಲೇ ಹೆದರಿದ್ದಾಳೆ ಎಂದೆ. ಈ ದೇಶ ಎಂಥದ್ದು ಎಂದು ಯಾರಾದರೂ ಕೇಳಿದರೆ ನಾನು ಹಿಡಿದವರನ್ನು ಹೇಳಲೋ, ಬಿಡಿಸಿದವಳನ್ನು ಹೇಳಲೋ? ಇಬ್ಬರೂ ಇಲ್ಲಿಯವರೇ.

ಆ ದಿನದಿಂದ ನಾನು ಹೊಲಕ್ಕೆ ಹೋಗಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗುತ್ತೇನೆ. ಬಸ್ಸು ಬಂದು ನಿಂತರೆ ಕಾಲು ಏಳುವುದಿಲ್ಲ, ವಾಪಸ್ಸು ಬರುತ್ತೇನೆ. ಆಳೆತ್ತರದ ಜೋಳವನ್ನು ನಾನು ಬರೀ ಫೋಟೋದಲ್ಲಿ ನೋಡಿದ್ದೇನೆ. ಯಾರಿಗೂ ಹೇಳಲು ನಾಚಿಕೆ. ಆಗ ನಿನ್ನ ಹೆದರಿಕೆ ಕೈಗೆ ಸಿಕ್ಕಿತು. ನಿನ್ನ ಸಲುವಾಗಿ ಎಂದು ಬರೆದು ಕೊಟ್ಟೆ. ನನ್ನಲ್ಲಿದ್ದದ್ದನ್ನು ಹೇಳಲಾಗದೆ ನಿನ್ನದನ್ನು ಎರವಲು ತಂದೆ. ಈಗ ನೋಡಿದರೆ ನಿನ್ನಲ್ಲಿ ಅದು ಇರಲೇ ಇಲ್ಲ!

ನೀನು ನನಗಾಗಿ ಬರಬೇಡಿ ಅಂದಿದ್ದೀಯ. ಹಾಗಾದರೆ ನಾನು ಬರುವುದು ನನಗಾಗಿಯೇ. ಆದರೆ ಏನು ಹೇಳಲಿ, ಕೊಯ್ಲಾದ ಮೇಲೆ ಹೊಲದ ಹತ್ತಿರದ ಊರಿನವರು ಆ ಜೋಳ ಬೀಸಿ ರೊಟ್ಟಿ ಮಾಡಿ ತಿಂದರಂತೆ. ಏಪ್ರಿಲಿನಲ್ಲಿ ತಮ್ಮ ಹೊಲದಲ್ಲೂ ಬಿತ್ತಬೇಕು, ಇಂಡಿಯಾದವನು ಎಲ್ಲಿ ಎಂದು ಕೇಳುತ್ತಿದ್ದಾರಂತೆ. ಇರಬೇಕೆಂದು ಮನಸ್ಸಿದೆ. ಕಾಲಿಗೆ ಧೈರ್ಯವಿಲ್ಲ. ನನಗೆ ತಿಳಿಯದಾಗಿದೆ ಮಂದಾ.

ಚಂದ್ರಹಾಸ

*

ಹಿಮಾಯತ್‌ನಗರ
4 ಫೆಬ್ರವರಿ 2001

ನಮ್ಮನೆಯವರಿಗೆ,

ನಿಮ್ಮ ಪತ್ರ ಮಧ್ಯಾಹ್ನದ ಊಟದ ಹೊತ್ತಿಗೆ ಬಂತು. ನಿಂತೇ ಓದಿದೆ. ಹುಡುಗಿಯರು ತಾಟು ಹಿಡಿದು ಕೂತಿದ್ದರು, ನಾನು ನೀಡುವುದನ್ನು ಬಿಟ್ಟು ಹಿತ್ತಿಲಿಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಆಗ ಅವರಲ್ಲೇ ಒಬ್ಬಳು ಎದ್ದು ಎಲ್ಲರಿಗೂ ನೀಡಿದಳಂತೆ. ನನಗೆ ಅದೊಂದೂ ಗೊತ್ತಿಲ್ಲ.

ಬಸ್ಸು ನಿಲ್ಲಿಸಿದರು ಎಂದು ಬರೆದಿದ್ದೀರಲ್ಲ. ಆ ಸಾಲಿನಿಂದ ಮುಂದೆ ಹೋಗಲು ನನಗೆ ಬಹಳ ಹೊತ್ತು ಬೇಕಾಯಿತು. ನೀವು ಕಾಡಿನಲ್ಲಿ ನನ್ನ ಹೆಸರು ಹೇಳಿಕೊಳ್ಳುತ್ತಿದ್ದ ಆ ದಿನಗಳಲ್ಲಿ ನಾನು ಇಲ್ಲಿ ಏನು ಮಾಡುತ್ತಿದ್ದೆ? ರೊಟ್ಟಿ ಬಡಿಯುತ್ತಾ ಹುಡುಗಿಯರ ಜೊತೆ ನಗುತ್ತಿದ್ದೆ. ಆಮೇಲೆ ನಿಮಗೆ ಸಿಟ್ಟು ಬಂದಿದೆ ಎಂದು ಚೇಷ್ಟೆ ಮಾಡಿ ಬರೆದೆ. ನನಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವತ್ತು ಅಳುವುದಕ್ಕೂ ಆಗಲಿಲ್ಲ.

ಈಗ ನನಗೆ ಹೆದರಿಕೆಯಾಗುತ್ತಿದೆ. ಹೇಗೆ ಹೇಳಲಿ? ಕನಸು, ಬಂದೂಕು, ಮೈ ನೋವು, ಇದ್ದ ಮಾತುಗಳನ್ನೆಲ್ಲ ಸುಳ್ಳಿಗೆ ಖರ್ಚು ಮಾಡಿಬಿಟ್ಟೆ. ನಿಜವಾದದ್ದು ಬಂದಾಗ ಹೇಳಲು ಒಂದೂ ಉಳಿದಿಲ್ಲ. ಆದ್ದರಿಂದ ಹೇಳುವುದು ಬಿಟ್ಟಿದ್ದೇನೆ.

ಅಣ್ಣ ಬಂದಿದ್ದ. ನಿಮ್ಮ ಪತ್ರ ಅವನಿಗೂ ಮುಟ್ಟಿದೆ. ಹಿತ್ತಿಲಲ್ಲಿ ನಿಂತು ಒಲೆಗಳನ್ನು ನೋಡಿದ. ಸಾಬಮ್ಮ ಅವನ ಮುಂದೆ ತಾಟು ಇಟ್ಟು, "ಉಣ್ರಿ ಯಪ್ಪಾ, ನಿಮ್ಮ ಕಡಿಂದ ರೊಕ್ಕಾ ತಗೊಳಂಗಿಲ್ಲ" ಎಂದಳು. ಉಂಡ. ಕೈ ತೊಳೆದ ಮೇಲೆ, "ಟಿಕೆಟ್ ಯಾವತ್ತಿಂದು ತಗಸಲಿ?" ಎಂದು ಕೇಳಿದ. ನಾನು ಅವನಿಗೆ ಇನ್ನೂ ಏನೂ ಹೇಳಿರಲಿಲ್ಲ. ಮುಖದಲ್ಲೇ ಇತ್ತೇನೋ.

ಖಾನಾವಳಿಯನ್ನು ಸಾಬಮ್ಮ ನೋಡಿಕೊಳ್ಳುತ್ತಾಳೆ. ಮುಚ್ಚುತ್ತಿಲ್ಲ, ನೆನಪಿರಲಿ. ಬಿತ್ತನೆ ಮುಗಿದು ಜೋಳ ಮೊಣಕಾಲಿಗೆ ಬರುವವರೆಗೆ ನಾನು ಅಲ್ಲಿರುತ್ತೇನೆ, ಆಮೇಲೆ ನನ್ನ ಒಲೆಗೆ ನಾನು ವಾಪಸ್ಸು. ನೀವು ಕೆಲಸ ಪೂರ್ತಿ ಮಾಡಿ ಬನ್ನಿ. ಸಾಹೇಬರ ಹತ್ತಿರ ಇರುವ ಆ ಕಾಗದವನ್ನು ವಾಪಸ್ಸು ತೆಗೆದುಕೊಳ್ಳಿ. ಹೆಂಡತಿಗೆ ಈ ದೇಶದ ಹೆದರಿಕೆ ಎಂದು ಅದರಲ್ಲಿ ಬರೆದಿದೆಯಲ್ಲ, ಅದನ್ನು ಅಳಿಸಬೇಡಿ. ಈಗ ಅದು ಖರೆಯಾಗಿದೆ.

ಹೆದರಿಕೆ ಇಲ್ಲದಾಗ ಹೆದರುತ್ತೇನೆಂದು ಬರೆದು ಇಲ್ಲೇ ಕೂತೆ. ಈಗ ನಿಜವಾಗಿ ಹೆದರಿದ್ದೇನೆ, ಅದಕ್ಕೇ ಬರುತ್ತಿದ್ದೇನೆ. ಮಾರ್ಚ್ ಎರಡನೆಯ ವಾರ. ಬಸ್ ಸ್ಟ್ಯಾಂಡಿಗೆ ಇಬ್ಬರೂ ಹೋಗೋಣ. ಕಾಲು ಏಳದಿದ್ದರೆ ವಾಪಸ್ಸು ಬರೋಣ, ಮರುದಿನ ಮತ್ತೆ ಹೋಗೋಣ. ಹತ್ತಿದ ದಿನ ಕಿಟಕಿಯ ಕಡೆ ನಾನು ಕೂರುತ್ತೇನೆ.

ನಿಮ್ಮ
ಮಂದಾ